ದಸರೆಯೊಳಗೆ ಒಡೆಯಬೇಕಿದ್ದ ಗುಳ್ಳೆ

ಕೆಲವರಿಗೆ ಸಿಹಿ ಕಂಡರೆ ಕೈ ತಡೆಯಲಾಗುವುದಿಲ್ಲ, ಕೆಲವರಿಗೆ ಬೇರೆಯವರ ಜಗಳ ಕಂಡರೆ ಕಾಲು ತಡೆಯಲಾಗುವುದಿಲ್ಲ. ನನ್ನ ತೊಂದರೆ ಬಾಯಿಯದು. ಯಾರಾದರೂ ಎದುರಿಗೆ ನಿಂತು "ಯಾವಾಗ?" ಎಂದು ಕೇಳಿದರೆ ಸಾಕು, ಒಂದು ವಾರವೋ ತಿಥಿಯೋ ಹಬ್ಬವೋ ಅದರೊಳಗಿಂದ ತಾನಾಗಿ ಹೊರಗೆ ಬಂದುಬಿಡುತ್ತದೆ. ಮಳೆ ಯಾವಾಗ, ಹೋದ ಲೈಟು ಬರುವುದು ಯಾವಾಗ, ಪಕ್ಕದ ಮನೆಯವರ ಸೊಸೆಯ ಹೆರಿಗೆ ಯಾವಾಗ, ಎಲ್ಲಕ್ಕೂ ನನ್ನ ಬಳಿ ಉತ್ತರವುಂಟು. ನಳಕ್ಕೆ ನೀರು ಯಾವಾಗ ಬರುತ್ತದೆಂದು ಕೂಡ ಹೇಳುತ್ತೇನೆ. ಸೊಲ್ಲಾಪುರದಲ್ಲಿ ನಳದ ನೀರಿನ ಭವಿಷ್ಯ ಹೇಳುವುದಕ್ಕೆ ಎಷ್ಟು ಎದೆಗಾರಿಕೆ ಬೇಕೆಂಬುದು ಅಲ್ಲಿ ಕೊಡ ಹಿಡಿದು ಕಾದವರಿಗೇ ಗೊತ್ತು. "ನನಗೆ ಗೊತ್ತಿಲ್ಲ" ಎಂಬ ಸರಳವಾದ ಎರಡು ಶಬ್ದಗಳನ್ನು ಜಗತ್ತಿನಲ್ಲಿ ಎಷ್ಟೋ ಜನ ಸಲೀಸಾಗಿ ಉಚ್ಚರಿಸುತ್ತಾರೆ. ನನ್ನ ನಾಲಿಗೆ ಅಲ್ಲಿ ಮಾತ್ರ ಹೊರಳುವುದಿಲ್ಲ.

ಈ ಚಟ ಹುಟ್ಟಿನಿಂದ ಬಂದದ್ದಲ್ಲ, ನೌಕರಿಯಿಂದ ಬಂದದ್ದು. ನಾನು ಸೊಲ್ಲಾಪುರ ಸ್ಟೇಶನ್ನಿನಲ್ಲಿ ರಿಸರ್ವೇಶನ್ ಕಿಟಕಿಯ ಹಿಂದೆ ಕೂತೇ ತಲೆ ಬೆಳ್ಳಗೆ ಮಾಡಿಕೊಂಡವನು. ಟಿಕೆಟು ವೇಟಿಂಗ್ ಲಿಸ್ಟಿನಲ್ಲಿದೆ ಎಂದ ಕೂಡಲೇ ಕಿಟಕಿಯಾಚೆಯ ಮುಖ ಇಷ್ಟೇ ಇಷ್ಟಾಗಿ "ಆಗ್ತದೇನ್ರಿ?" ಎಂದು ಕೇಳುತ್ತಿತ್ತು. ಪಾಪ ಅನ್ನಿಸಿ ನಾನು "ಆಗ್ತದ ಹೋಗ್ರಿ, ಐತವಾರದೊಳಗ ಆಗ್ತದ" ಎನ್ನುತ್ತಿದ್ದೆ. ಸೀಟು ಸಿಕ್ಕವರು ಮುಂದಿನ ಸಲ ಬಂದಾಗ ಪೇರಲವನ್ನೋ ಹಸಿ ಶೇಂಗಾವನ್ನೋ ಕಿಟಕಿಯೊಳಗೆ ತುರುಕಿ, "ನಿಮ್ಮ ಬಾಯಾಗಿನ ಮಾತು ಖರೇ ಆತ್ರಿ ಸಾಹೇಬ" ಎಂದು ಹೊಗಳಿ ಹೋಗುತ್ತಿದ್ದರು. ಸೀಟು ಸಿಗದವರು ಮುಂಬಯಿಯವರೆಗೆ ಪಾಯಖಾನೆಯ ಬಾಗಿಲಿಗೆ ಆತುಕೊಂಡು ನಿಂತೇ ಹೋಗಿರುತ್ತಿದ್ದರು. ಅಂಥವರು ನನಗೆ ಸುದ್ದಿ ಮುಟ್ಟಿಸಲೆಂದು ಮತ್ತೆ ಪಾಳಿ ಹಚ್ಚಿ ನಿಲ್ಲುತ್ತಾರೆಯೇ? ಹೀಗಾಗಿ ಇಡೀ ನೌಕರಿಯಲ್ಲಿ ನನಗೆ ಬಂದ ವರದಿಗಳೆಲ್ಲ ಒಳ್ಳೆಯವೇ. ನಿವೃತ್ತನಾಗುವ ಹೊತ್ತಿಗೆ ನನ್ನ ಮಾತು ಸುಳ್ಳಾಗುವುದಿಲ್ಲ ಎಂದು ಊರಿನವರು ನಂಬಿದ್ದರೋ ಇಲ್ಲವೋ, ನಾನಂತೂ ಪೂರ್ತಿ ನಂಬಿದ್ದೆ.

ನಿವೃತ್ತಿಯ ನಂತರ ಮುಂಜಾನೆ ಸಿದ್ಧೇಶ್ವರ ಗುಡಿಯ ಕೆರೆಯ ಸುತ್ತ ತಿರುಗಾಡುವ ಗುಂಪಿಗೆ ಸೇರಿಕೊಂಡೆ. ಗುಂಪಿನ ಮುಖ್ಯಸ್ಥರು ಬಿರಾಜದಾರ. ಅವರ ಮನೆಯ ಹಿಂದೆ ಟವೆಲ್ಲು ನೇಯುವ ಪವರ್‌ಲೂಮುಗಳಿವೆ. ಆ ಸದ್ದಿನಲ್ಲಿ ಬಾಳಿ ಬೆಳೆದವರಾದ್ದರಿಂದ ಗುಟ್ಟಿನ ಮಾತನ್ನೂ ಕೆರೆಯ ಆಚೆ ದಂಡೆಗೆ ಕೇಳುವಂತೆ ಆಡುತ್ತಾರೆ. ಇನ್ನೊಬ್ಬರು ಶೇಖ್ ಸಾಹೇಬರು, ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವರು. ಮೊದಲೆಲ್ಲ ಈ ಗುಂಪಿನಲ್ಲಿ ಮೊಣಕಾಲು, ಸಕ್ಕರೆ ಕಾಯಿಲೆ, ಸೊಸೆಯಂದಿರು ಈ ಮೂರೇ ವಿಷಯ ನಡೆಯುತ್ತಿದ್ದವಂತೆ. ನಾನು ಸೇರುವ ಹೊತ್ತಿಗೆ ಶೇರು ಮಾರುಕಟ್ಟೆ ಬಂದು ಮೂರನ್ನೂ ಹೊರಗೆ ಹಾಕಿತ್ತು. ಎಲ್ಲರ ಮೊಬೈಲಿನಲ್ಲೂ ಹಸಿರು ಗೆರೆ ಮೇಲೆ ಮೇಲೆ ಏರುತ್ತಿತ್ತು. ಬಿರಾಜದಾರರು ಅದನ್ನು ಮೊಮ್ಮಗನ ಫೋಟೊ ತೋರಿಸಿದಂತೆ ಎಲ್ಲರಿಗೂ ತೋರಿಸುತ್ತಿದ್ದರು.

ನನ್ನ ಹತ್ತಿರ ಒಂದು ಶೇರೂ ಇರಲಿಲ್ಲ. ಶೇರು ಇಲ್ಲದವನಿಗೆ ಶೇರು ಮಾರುಕಟ್ಟೆಯ ವಿಷಯದಲ್ಲಿ ಇರುವುದು ಒಂದೇ ಸಂತೋಷ, ಅದು ಬೀಳುತ್ತದೆ ಎಂದು ಹೇಳುವುದು. ಮನೆಯಲ್ಲಿ ಕೂತು ಟಿವಿಯ ಮಾರುಕಟ್ಟೆ ಚಾನೆಲ್ಲುಗಳನ್ನು ನೋಡತೊಡಗಿದೆ. ಕನ್ನಡ ಚಾನೆಲ್ಲಿನವರು ಅದನ್ನು ಗುಳ್ಳೆ ಅನ್ನುತ್ತಿದ್ದರು, ಮರಾಠಿಯವರು ಫುಗಾ ಅನ್ನುತ್ತಿದ್ದರು. ಗುಳ್ಳೆಯೋ ಬಲೂನೋ, ಒಡೆಯುವುದು ನಿಶ್ಚಯ ಎಂಬ ವಿಷಯದಲ್ಲಿ ಕೋಟು ಹಾಕಿಕೊಂಡ ತಜ್ಞರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಯಾವಾಗ ಎಂದು ಕೇಳಿದರೆ ಮಾತ್ರ ಎಲ್ಲರೂ ಕೋಟಿನ ಗುಂಡಿ ಸರಿಮಾಡಿಕೊಂಡು ಬೇರೆ ಮಾತು ತೆಗೆಯುತ್ತಿದ್ದರು. ಇಷ್ಟು ಓದಿದವರು ಒಂದು ತಾರೀಖು ಹೇಳಲು ಇಷ್ಟೇಕೆ ಹೆದರಬೇಕು ಎಂದು ನನಗೆ ನಗು ಬರುತ್ತಿತ್ತು. ಅವರಲ್ಲಿ ಒಬ್ಬರೂ ರಿಸರ್ವೇಶನ್ ಕಿಟಕಿಯಲ್ಲಿ ಕೂತವರಲ್ಲ ಎಂಬುದು ಸ್ಪಷ್ಟವಾಗಿತ್ತು.

ಅಷ್ಟರಲ್ಲಿ ಪಂಚಮಿ ಹಬ್ಬ ಬಂತು. ನನ್ನ ತಂಗಿ ಕಸ್ತೂರಿಯನ್ನು ಅಕ್ಕಲಕೋಟೆಗೆ ಕೊಟ್ಟಿದೆ. ಅವಳು, ಅವಳ ಗಂಡ ಸಿದ್ರಾಮ ಸೇರಿ ಅಲ್ಲಿ ಖಾನಾವಳಿ ನಡೆಸುತ್ತಾರೆ. ಮಠದ ದರ್ಶನಕ್ಕೆ ಬರುವ ಭಕ್ತರ ಕಾಲು ತಾಕಿ ತಾಕಿ ಹೊಸಿಲು ಸವೆದಿದೆ. ಪಂಚಮಿಗೆ ತಂಗಿಯನ್ನು ತವರಿಗೆ ಕರೆತರುವುದು ಪದ್ಧತಿ, ಆದರೆ ಖಾನಾವಳಿ ಬಿಟ್ಟು ಅವಳು ಬರುವುದಿಲ್ಲ. ಆದ್ದರಿಂದ ನಾನೇ ಸೀರೆ ಉಂಡಿ ಕಟ್ಟಿಕೊಂಡು ಹೋಗುತ್ತೇನೆ. ಸಿದ್ರಾಮ ದಾಜಿ ಒಲೆಯ ಮುಂದೆ ಇರುತ್ತಾರೆ. ತಂಗಿಯ ಗಂಡನನ್ನು ನಮ್ಮ ಕಡೆ ದಾಜಿ ಎನ್ನುವುದು ವಾಡಿಕೆ. ಭಾಕರಿ ಬಡಿಯುವುದರಲ್ಲಿ ಅವರನ್ನು ಮೀರಿಸುವ ಹೆಂಗಸು ತಾಲೂಕಿನಲ್ಲಿಲ್ಲ. ಮಾತಾಡುವುದರಲ್ಲಿ ಮಾತ್ರ ಅವರಿಗಿಂತ ಒಲೆ ವಾಸಿ, ಅದು ಆಗಾಗ ಚಟಪಟ ಎನ್ನುತ್ತದೆ. ಮದುವೆಯಾದಾಗಿನಿಂದ ನನ್ನೊಡನೆ ಅವರು "ಬರ್ರಿ", "ಉಣ್ರಿ", "ಹೋಗಿ ಬರ್ರಿ" ಬಿಟ್ಟು ಬೇರೆ ಮಾತಾಡಿದ್ದು ನೆನಪಿಲ್ಲ.

ನಾನು ತಾಟಿನ ಮುಂದೆ ಕೂತಿದ್ದೆ. ಕಸ್ತೂರಿ ಶೇಂಗಾ ಚಟ್ನಿ ಬಡಿಸುತ್ತ, ಒಲೆಯ ಕಡೆ ಒಮ್ಮೆ ನೋಡಿ, ಬೇಕೆಂದೇ ದನಿ ಎತ್ತರಿಸಿ ಕೇಳಿದಳು.

"ಅಣ್ಣಾ, ನಮ್ಮ ರೊಕ್ಕ ಶೇರ್ ಬಾಜಾರದಾಗ ಅದಲಾ, ಪುಣೆದಿಂದ ಬರೂ ಭಕ್ತರೊಬ್ಬರು ಹಚ್ಚಿ ಕೊಟ್ಟಿದ್ರು. ಬಕ್ಕಳ ಬೆಳದದ. ಆದ್ರ ಮಂದಿ ಎಲ್ಲ ಫುಗ್ಗಾ ಒಡಿತದ, ಫುಗ್ಗಾ ಒಡಿತದ ಅನ್ನಾಕತ್ತಾರ. ಖರೇನ?"

"ಎಕ್‌ದಮ್ ಖರೇ," ಎಂದೆ.

"ಯಾವಾಗ ಒಡಿತದ?"

ಕೇಳಿಬಿಟ್ಟಳು. ಭಾಕರಿಯ ತುತ್ತು ಬಾಯಲ್ಲಿತ್ತು. ಅದನ್ನು ನುಂಗುವಷ್ಟು ವ್ಯವಧಾನವೂ ಇರಲಿಲ್ಲ.

"ದಸರಾದೊಳಗ," ಎಂದೆ. "ದಸರಾ ದಾಟೂದಿಲ್ಲ. ಬೇಕಾದ್ರ ಬರದು ಕೊಡ್ತೀನಿ."

ಬಡಿಯುತ್ತಿದ್ದ ಭಾಕರಿಯ ಸದ್ದು ಒಂದು ಕ್ಷಣ ನಿಂತಿತು. ದಾಜಿ ನನ್ನನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಮತ್ತೆ ಭಾಕರಿ ಬಡಿಯತೊಡಗಿದರು. ನಾನು ಇನ್ನೂ ಎರಡು ಭಾಕರಿ ಹೆಚ್ಚಿಗೆ ಉಂಡು ಸಂತೋಷದಿಂದ ಸೊಲ್ಲಾಪುರಕ್ಕೆ ಮರಳಿದೆ. ಮರುದಿನ ಕೆರೆಯ ದಂಡೆಯಲ್ಲಿ ನಮ್ಮ ಗುಂಪಿಗೂ ಅದೇ ದಸರೆಯ ಗಡುವನ್ನು ಸಾರಿಬಿಟ್ಟೆ.

ಗಣಪತಿ ಕೂರುವ ಮೊದಲು ಕಸ್ತೂರಿಯ ಫೋನ್ ಬಂತು. "ಅಣ್ಣಾ, ಎಲ್ಲಾ ತಗದ್ ಬಿಟ್ವಿ. ಒಂದೂ ಬಿಟ್ಟಿಲ್ಲ. ನೀ ಹೇಳಿದ್ಯಲಾ!"

ಇದನ್ನು ಕೇಳಿ ನನಗೆ ಆದದ್ದನ್ನು ಹೇಗೆ ಹೇಳಲಿ. ಮೊದಲು ಎದೆಯುಬ್ಬಿತು. ನಮ್ಮ ಮನೆಯಲ್ಲಿ ಚಹಕ್ಕೆ ಸಕ್ಕರೆ ಎಷ್ಟು ಹಾಕಬೇಕೆಂದು ನಾನು ಹೇಳಿದರೂ ಯಾರೂ ಕೇಳುವುದಿಲ್ಲ. ನನ್ನ ಒಂದು ಮಾತಿಗೆ ಒಬ್ಬಳು ತನ್ನ ದುಡಿಮೆಯನ್ನೆಲ್ಲ ಹಿಂದಕ್ಕೆ ತೆಗೆದಿದ್ದಾಳೆ! ಆಮೇಲೆ ಅದೇ ಎದೆ ನಿಧಾನವಾಗಿ ಇಳಿಯಿತು. ನನ್ನ ಒಂದು ಮಾತಿಗೆ ಒಬ್ಬಳು ತನ್ನ ದುಡಿಮೆಯನ್ನೆಲ್ಲ ಹಿಂದಕ್ಕೆ ತೆಗೆದಿದ್ದಾಳೆ. ಒಡೆಯದಿದ್ದರೆ? ವೇಟಿಂಗ್ ಲಿಸ್ಟಿನವರು ಹೋದ ಮೇಲೆ ಹೋದರು, ತಂಗಿ ಹಾಗಲ್ಲವಲ್ಲ. ಮುಂದಿನ ಪಂಚಮಿಗೂ ಅದೇ ತಾಟಿನ ಮುಂದೆ ಕೂರಬೇಕು.

ಅಂದಿನಿಂದ ನಾನು ದೇಶದ ಏಳಿಗೆಗೆ ಶತ್ರುವಾದೆ. ಮುಂಜಾನೆ ಮಾರುಕಟ್ಟೆ ತೆರೆಯುವ ಹೊತ್ತಿಗೆ ಟಿವಿಯ ಮುಂದೆ ಕೂರುತ್ತಿದ್ದೆ. ಹಸಿರು ಬಾಣ ಕಂಡರೆ ಹೊಟ್ಟೆಯಲ್ಲಿ ಉರಿ, ಕೆಂಪು ಬಾಣ ಕಂಡರೆ ಹಸಿವು. ಯಾವುದೋ ಕಾರ್ಖಾನೆಗೆ ದೊಡ್ಡ ಕೆಲಸ ಸಿಕ್ಕಿತೆಂದು ಸುದ್ದಿ ಬಂದರೆ ನಿಟ್ಟುಸಿರು ಬಿಡುತ್ತಿದ್ದೆ. ಮಳೆ ಚೆನ್ನಾಗಿದೆ, ಪೀಕು ಚೆನ್ನಾಗಿ ಬರುತ್ತದೆ ಎಂದರೆ ತಲೆಗೆ ಕೈ ಹಚ್ಚಿ ಕೂರುತ್ತಿದ್ದೆ. ನನ್ನ ಹೆಂಡತಿ ಶಾಂತಾ ಇದನ್ನು ಕೆಲವು ದಿನ ನೋಡಿದಳು.

"ಊರ ಮಂದಿಗೆಲ್ಲ ಹಸರ ಕಂಡ್ರ ಖುಷಿ ಆಗ್ತದ. ನೀವ್ ಕೆಂಪ್ ಕಂಡ್ರ ನಗತೀರಿ. ಏನಾಗ್ಯದ್ರಿ ನಿಮಗ?"

ನಾನು ಎಲ್ಲವನ್ನೂ ಹೇಳಿದೆ. ಅವಳು ಹಣೆ ಹಣೆ ಬಡಿದುಕೊಂಡಳು. "ಅಕಿ ಕೇಳಿದ್ರ ನಂಗ ಗೊತ್ತಿಲ್ಲವಾ ಅಂತ ಅನ್ನಾಕ ನಿಮಗ ಏನ್ ತ್ರಾಸಿತ್ತು?"

ತ್ರಾಸು ಏನಿತ್ತು ಎಂದು ಆಗಲೇ ಹೇಳಿದ್ದೇನೆ.

ಒಂದು ಸೋಮವಾರ ಸಿದ್ಧೇಶ್ವರನ ಗುಡಿಗೆ ಹೋದೆ. ಕಾಯಿ ಒಡೆಸಿ, ಕೈಮುಗಿದು ನಿಂತ ಮೇಲೆ ಬೇಡಿಕೊಳ್ಳುವುದು ಹೇಗೆ ಎಂಬುದೇ ತಿಳಿಯಲಿಲ್ಲ. "ದೇವರೇ, ಎಲ್ಲರ ರೊಕ್ಕವೂ ಮುಳುಗಲಿ" ಎಂದು ಬೇಡಿಕೊಂಡವರು ನನಗಿಂತ ಮೊದಲು ಯಾರಾದರೂ ಆ ಮೆಟ್ಟಿಲು ಹತ್ತಿದ್ದರೋ ಇಲ್ಲವೋ. ಪೂಜಾರಿ "ಏನ್ ಸಂಕಲ್ಪರಿ?" ಎಂದು ಕೇಳಿದರು. "ಲೋಕಕಲ್ಯಾಣ" ಎಂದು ಹೇಳಿ, ಉಳಿದದ್ದನ್ನು ದೇವರೇ ಅರ್ಥಮಾಡಿಕೊಳ್ಳಲಿ ಎಂದು ಕಣ್ಣು ಮುಚ್ಚಿದೆ. ದೇವರು ಅದನ್ನು ಅಕ್ಷರಶಃ ತೆಗೆದುಕೊಂಡ. ಮರುದಿನ ಮಾರುಕಟ್ಟೆ ಇನ್ನಷ್ಟು ಏರಿತು.

ಈ ನಡುವೆ ನನ್ನ ಚಿಂತೆಯ ಸುದ್ದಿ ವಾಗದರಿಗೂ ಮುಟ್ಟಿತು. ಅಲ್ಲಿ ನನ್ನ ತಮ್ಮನ ಮನೆಯಲ್ಲಿ ಅವ್ವ ಇದ್ದಾಳೆ. ಕಿವಿ ಸ್ವಲ್ಪ ಮಂದ, ಕಾಳಜಿ ಬಹಳ ಚುರುಕು. ಶಾಂತಾ ಅವಳೊಡನೆ ಫೋನಿನಲ್ಲಿ ಮಾತಾಡುತ್ತ, "ಗುಳ್ಳಿ ಇನ್ನ ಒಡಿವಲ್ದು ಅಂತ ನಿಮ್ಮ ಮಗಗ ನಿದ್ದಿ ಇಲ್ಲ ನೋಡ್ರಿ ಅತ್ತಿ" ಎಂದುಬಿಟ್ಟಿದ್ದಾಳೆ. ಮರುಗಳಿಗೆಯೇ ಅವ್ವ ಫೋನನ್ನು ನನ್ನ ಕೈಗೆ ಕೊಡಿಸಿದಳು.

"ಎಲ್ಲಿ ಎದ್ದದಪಾ ಗುಳ್ಳಿ? ಕೂಡೂ ಜಾಗಾದಾಗೇನ?"

"ಅವ್ವಾ, ನಂಗೆದ್ದಿಲ್ಲ, ಬಾಜಾರಕ್ಕ ಎದ್ದದ."

"ನಾಚಿಕಿ ಪಡಬ್ಯಾಡ. ನಿಮ್ಮಪ್ಪಗೂ ಅಲ್ಲೇ ಏಳತಿತ್ತು."

ಆ ದಿನ ಸಂಜೆಯ ಬಸ್ಸಿನ ಕಂಡಕ್ಟರರ ಕೈಯಲ್ಲಿ ಅಗಸೆ ಹಿಟ್ಟಿನ ಗಂಟು ಬಂತು. ಬಿಸಿ ಮಾಡಿ ಪಟ್ಟು ಹಾಕಬೇಕು, ತಾನಾಗಿ ಹಣ್ಣಾಗಿ ಒಡೆಯುತ್ತದೆ, ಅಲ್ಲಿಯವರೆಗೆ ಒಂದು ಮಗ್ಗುಲಿಗೆ ಒರಗಿಯೇ ಕೂರಬೇಕು ಎಂದು ತಮ್ಮನ ಕೈಯಲ್ಲಿ ಹೇಳಿಸಿದ್ದಳು. ಕಂಡಕ್ಟರರಿಗೂ ವಿಷಯ ತಿಳಿಸಲಾಗಿತ್ತು ಎಂದು ತೋರುತ್ತದೆ, ಬಸ್‌ಸ್ಟ್ಯಾಂಡಿನಲ್ಲಿ ಗಂಟು ಕೊಟ್ಟಾದ ಮೇಲೆ ನಾನು ಬೆಂಚಿನ ಮೇಲೆ ಕೂರುತ್ತೇನೋ ಎಂದು ಅವರು ಬಹಳ ಹೊತ್ತು ಕುತೂಹಲದಿಂದ ನೋಡುತ್ತ ನಿಂತಿದ್ದರು.

ದಸರೆ ಬಂತು, ಬನ್ನಿ ಕೊಟ್ಟು ಹೋಯಿತು. ಮಾರುಕಟ್ಟೆ ಬನ್ನಿಯನ್ನು ಬಂಗಾರವೆಂದೇ ತಿಳಿದಂತೆ ಮೇಲೆ ಹಾರಿತು. ಮರುದಿನ ಕೆರೆಯ ದಂಡೆಯಲ್ಲಿ ಬಿರಾಜದಾರರು ನನ್ನನ್ನು ಹಿಡಿದರು.

"ಏನ್ರಿ ಕಾಕಾ, ದಸರಾ ಹೋತಲ್ರಿ. ಯಾವ ವರ್ಷದ ದಸರಾ ಅಂತ ಹೇಳಿದ್ದಿಲ್ಲ ನೀವು!"

ಆ ದನಿಗೆ ಕೆರೆಯಲ್ಲಿದ್ದ ಬಾತುಕೋಳಿಗಳೂ ನನ್ನ ಕಡೆ ತಿರುಗಿದವು. ಶೇಖ್ ಸಾಹೇಬರು ಮೃದುವಾಗಿ, "ಛೋಡೋ ಜೀ, ಬಡೇ ಆದ್ಮಿ ಹೈ" ಎಂದು, ಹಿರಿಯರನ್ನು ಬಿಟ್ಟುಬಿಡಿ ಎಂಬಂತೆ ಹೇಳಿದರು. ಅವರು ನನ್ನ ಪರ ವಹಿಸಿದ್ದು ಬಿರಾಜದಾರರ ಗೇಲಿಗಿಂತ ಹೆಚ್ಚು ನೋಯಿಸಿತು.

ದೀಪಾವಳಿಯೂ ಆಯಿತು, ಸಂಕ್ರಾಂತಿಯೂ ಆಯಿತು. ಹಸಿರು ಗೆರೆ ಎಳ್ಳು ಬೆಲ್ಲ ತಿಂದು ಇನ್ನೂ ಪುಷ್ಟವಾಯಿತು. ನಾನು ಅಕ್ಕಲಕೋಟೆಯ ದಾರಿಯನ್ನೇ ಬಿಟ್ಟೆ. ಮನೆಯಲ್ಲಿ ಫೋನು ಗುಣುಗುಟ್ಟಿ ಶಾಂತಾ "ಕಸ್ತೂರಿದು" ಎಂದಳೆಂದರೆ ನನಗೆ ಆ ಕ್ಷಣವೇ ಸ್ನಾನ ನೆನಪಾಗುತ್ತಿತ್ತು. ಒಮ್ಮೊಮ್ಮೆ ಒಂದೇ ದಿನ ಎರಡು ಸಲ ಸ್ನಾನ ಮಾಡಿದ್ದೂ ಉಂಟು, ನಳದ ನೀರು ಇಲ್ಲದ ದಿನಗಳಲ್ಲಿ. ಬಚ್ಚಲಲ್ಲಿ ತಂಬಿಗೆ ಹಿಡಿದು ಕೂತು ನಾನು ಲೆಕ್ಕ ಹಾಕುತ್ತಿದ್ದದ್ದು ಒಂದೇ: ಆ ರೊಕ್ಕ ಅಲ್ಲೇ ಇದ್ದಿದ್ದರೆ ಇಷ್ಟರಲ್ಲಿ ಖಾನಾವಳಿಯ ಮೇಲೆ ಅವಳು ಎಷ್ಟೋ ದಿನದಿಂದ ಕಟ್ಟಬೇಕೆಂದಿದ್ದ, ಭಕ್ತರು ಇಳಿದುಕೊಳ್ಳುವ ಖೋಲಿಗಳು ಎದ್ದೇಳುತ್ತಿದ್ದವು. ಅವಳು ಚಿಕ್ಕವಳಿದ್ದಾಗ ನಾನು ಹೇಳಿದ ಕಡೆ ಕಣ್ಣು ಮುಚ್ಚಿ ಹಾರುತ್ತಿದ್ದಳು, ಬಾವಿಯ ಮೆಟ್ಟಿಲಿಂದ, ಹುಲ್ಲಿನ ಬಣವೆಯಿಂದ. ಈಗಲೂ ಹಾರಿದ್ದಾಳೆ, ಕೆಳಗೆ ಹುಲ್ಲು ಇದೆಯೋ ಇಲ್ಲವೋ ನಾನು ನೋಡಿರಲೇ ಇಲ್ಲ. ನಗುವ ಮಾತಲ್ಲ, ಒಂದೆರಡು ಸಲ ಕಣ್ಣಿಗೆ ನೀರು ಬಂದದ್ದು ಸಾಬೂನಿನಿಂದಲ್ಲ.

ಯುಗಾದಿ ಹತ್ತಿರ ಬಂದಿತ್ತು. ಒಂದು ಗುರುವಾರ ಮುಂಜಾನೆ ಟಿವಿ ಹಚ್ಚಿದೆ. ಪರದೆಯ ಮೇಲಿನಿಂದ ಕೆಳಗಿನವರೆಗೂ ಕುಂಕುಮದ ಬುಟ್ಟಿ ಚೆಲ್ಲಿದ ಹಾಗೆ ಕೆಂಪು. ಕೋಟಿನವರೆಲ್ಲ ಒಟ್ಟಿಗೆ ಮಾತಾಡುತ್ತಿದ್ದರು. ಒಬ್ಬರ ಟೈ ಸಡಿಲಾಗಿತ್ತು. ನಾನು "ಒಡೀತು!" ಎಂದು ಕೂಗಿದ ರಭಸಕ್ಕೆ ಶಾಂತಾ ಒಳಗಿನಿಂದ ಓಡಿಬಂದು, ಮೊದಲು ನನ್ನನ್ನು, ಆಮೇಲೆ ಕಿಟಕಿಯ ಗಾಜನ್ನು, ಆಮೇಲೆ ಉಪ್ಪಿನಕಾಯಿಯ ಭರಣಿಯನ್ನು ಮುಟ್ಟಿ ನೋಡಿದಳು. ನಾನು ಅಂಗಿ ಸಿಕ್ಕಿಸಿಕೊಂಡು, ದಾರಿಯಲ್ಲಿ ಪೇಡೆಯ ಡಬ್ಬಿ ತೆಗೆದುಕೊಂಡು, ನಮ್ಮ ಗುಂಪು ತಿರುಗಾಟ ಮುಗಿಸಿ ಕೂರುವ ಚಹದಂಗಡಿಗೆ ಹೆಚ್ಚು ಕಡಿಮೆ ಓಡಿದೆ.

ಎಲ್ಲರೂ ಇದ್ದರು. ಯಾರ ಮುಂದಿನ ಚಹವೂ ಕುಡಿದಂತಿರಲಿಲ್ಲ. ನಾನು ಡಬ್ಬಿ ಬಿಚ್ಚಿ ಶೇಖ್ ಸಾಹೇಬರ ಬಾಯಿಗೆ ನೇರವಾಗಿ ಒಂದು ಪೇಡೆ ಇಟ್ಟೆ.

ಬಿರಾಜದಾರರು ಜೀವನದಲ್ಲಿ ಮೊದಲ ಸಲ ಸಣ್ಣ ದನಿಯಲ್ಲಿ ಕೇಳಿದರು. "ಏನ್ರಿ ಕಾಕಾ, ಮೊಮ್ಮಗ ಹುಟ್ಟಿದಾನೇನ್ರಿ?"

"ಇಲ್ರಿ, ಒಡೀತು! ನಾ ಹೇಳಿದ್ದಿಲ್ಲೇನು?"

ಶೇಖ್ ಸಾಹೇಬರು ಪೇಡೆಯನ್ನು ನುಂಗಬೇಕೋ ಉಗುಳಬೇಕೋ ತಿಳಿಯದೆ ಕೆನ್ನೆ ಒಂದು ಕಡೆ ಉಬ್ಬಿಸಿಕೊಂಡು ಕೂತಿದ್ದರು. ಬಿರಾಜದಾರರು ಮೊಬೈಲನ್ನು ಮಗುಚಿ ಮೇಜಿನ ಮೇಲಿಟ್ಟರು.

"ಹೊಸಾ ಮಗ್ಗ ತರಾಕ ಇಟ್ಟಿದ್ದ ರೊಕ್ಕ ರೀ ಅದು," ಎಂದರು.

ಅಷ್ಟೇ. ಬೈಯಲಿಲ್ಲ, ಕೂಗಲಿಲ್ಲ. ಡಬ್ಬಿ ನನ್ನ ಕೈಯಲ್ಲಿ ಕಾದ ಹೆಂಚಿನ ಹಾಗಾಯಿತು. ಇಷ್ಟು ತಿಂಗಳು ನಾನು ಬೇಡಿಕೊಂಡದ್ದು ಟಿವಿಯ ಪರದೆಯ ಮೇಲಿನ ಒಂದು ಗೆರೆ ಬೀಳಲಿ ಎಂದು. ಆ ಗೆರೆಯ ತುದಿಗೆ ಮುಂಜಾನೆ ನನ್ನ ಪಕ್ಕದಲ್ಲೇ ನಡೆಯುವ ಮನುಷ್ಯ ಜೋತುಬಿದ್ದಿದ್ದಾನೆ ಎಂಬುದು ಹೊಳೆದೇ ಇರಲಿಲ್ಲ. ಡಬ್ಬಿ ಮುಚ್ಚಿ, "ಮತ್ತ ಏರ್ತದ ಬಿಡ್ರಿ" ಎಂದೆ.

"ಯಾವಾಗ?" ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ಎಂದು ಈಗಲೂ ಹೆದರಿಕೆಯಾಗುತ್ತದೆ.

ಅಲ್ಲಿ ನಿಲ್ಲಲಾಗದೆ ಬಸ್‌ಸ್ಟ್ಯಾಂಡಿಗೆ ಬಂದೆ. ಸೊಲ್ಲಾಪುರದಲ್ಲಿ ನನ್ನ ಸಂತೋಷ ಯಾರಿಗೂ ಬೇಡವಾಗಿತ್ತು, ಆದರೆ ಅಕ್ಕಲಕೋಟೆಯಲ್ಲಿ ಒಬ್ಬಳು ನನ್ನಿಂದ ಉಳಿದುಕೊಂಡಿದ್ದಾಳಲ್ಲ. ಗುರುವಾರವಾದ್ದರಿಂದ ಬಸ್ಸಿನ ತುಂಬ ಭಕ್ತರು. ನಿಂತೇ ಹೋದೆ. ಆದರೆ ಎಷ್ಟೋ ತಿಂಗಳ ನಂತರ ನೆಟ್ಟಗೆ ನಿಂತಿದ್ದೆ.

ಖಾನಾವಳಿಯ ಮುಂದೆ ಇಳಿದು ನೋಡಿದರೆ ಗುರುತೇ ಸಿಗಲಿಲ್ಲ. ಮೇಲೆ ಒಂದು ಅಂತಸ್ತು ಎದ್ದಿತ್ತು. ತಿಳಿ ಹಳದಿ ಬಣ್ಣ, ಸಾಲಾಗಿ ಕಿಟಕಿಗಳು, ಕಟಾಂಜನದ ಮೇಲೆ ಭಕ್ತರ ಟವೆಲ್ಲು ಪಂಚೆಗಳು ಒಣಗುತ್ತಿದ್ದವು. ನಾನು ಬೇರೆ ಓಣಿಗೆ ಬಂದೆನೇನೋ ಎಂದು ಎರಡು ಸಲ ಹಿಂದೆ ಮುಂದೆ ನಡೆದೆ. ಕಡೆಗೆ ಕಸ್ತೂರಿಯೇ ಒಳಗಿನಿಂದ ಕೂಗಿದಳು. "ಅಣ್ಣಾ! ಅಂತೂ ದಾರಿ ಸಿಗ್ತೇನ ನಿಂಗ?"

"ಕಸ್ತೂರಿ, ಒಡೀತು!" ಎಂದೆ.

"ಹೌದಾ? ಯಾವ ಟೇಬಲ್‌ದಾಗ?" ಎಂದು ಅವಳು ಗ್ಲಾಸಿನ ಚೂರುಗಳನ್ನು ಹುಡುಕುತ್ತ ನೆಲ ನೋಡಿದಳು.

"ಗ್ಲಾಸಲ್ಲ. ಶೇರ್ ಬಾಜಾರ! ನಾ ಹೇಳಿದ್ದ ಖರೇ ಆತು ನೋಡು."

"ಅದಾ?" ಎಂದಳು, ಹಾಲು ಒಡೆದ ಸುದ್ದಿಗೂ ಅಷ್ಟು ತಣ್ಣಗೆ ಯಾರೂ ಉತ್ತರಿಸುವುದಿಲ್ಲ. "ನೀ ದಸರಾ ಅಂದಿದ್ದಿ. ಈಗ ಯುಗಾದಿ ಬಂತು. ಖರೇ ಹ್ಯಾಂಗಾತು?"

"ಆದ್ರೂ ನೀ ತಗದದ್ದು ಒಳ್ಳೇದಾತಲಾ. ಇಷ್ಟ್ ದಿನ ನಿನ್ನ ನುಕ್ಸಾನ ಮಾಡಿದೆ ಅಂತ ನಂಗ ಊಟ ಸೇರಿಲ್ಲ ಕಸ್ತೂರಿ. ಮಾರಿ ತೋರ್ಸಾಕ ಆಗ್ದ ಬಂದೇ ಇಲ್ಲ."

ಅವಳು ಕೈಯಲ್ಲಿದ್ದ ತಾಟುಗಳನ್ನು ಕೆಳಗಿಟ್ಟಳು. ನನ್ನನ್ನು ಚೆನ್ನಾಗಿ ನೋಡಿದಳು. ಆಮೇಲೆ ನಗತೊಡಗಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಗಲ್ಲಾದ ಹಿಂದಿನ ಸ್ಟೂಲಿನ ಮೇಲೆ ಕುಕ್ಕರಿಸಿ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

"ಅಯ್ಯ ಹುಚ್ಚಣ್ಣಾ! ನೀ ಹೇಳಿದ್ದಿ ಅಂತ ನಾ ತಗದಿಲ್ಲೋ. ತಗೀಬೇಕಂತ ನಾ ಮೊದ್ಲ ಠರಸಿದ್ದೆ. ಗೌಂಡಿ ಗಣಪತಿ ಹಬ್ಬ ಆದಮ್ಯಾಲ ಖಾಲಿ ಅದೀನಿ ಅಂದಿದ್ದ, ಖೋಲಿ ಕಟ್ಟಬೇಕಿತ್ತು. ಆದ್ರ ಇವರು ಒಪ್ಪವಲ್ರು. ಇನ್ನ ಏರ್ತದ ತಡಿ, ಇನ್ನ ಏರ್ತದ ತಡಿ ಅಂತ ದಿನಾ ಅದss ಜಪ. ಅದಕ್ಕ ಇವರ ಮುಂದ ನಿಂಗ ಕೇಳಿದೆ."

"ನಾ ಒಡಿತದ ಅಂತೀನಿ ಅಂತ ನಿಂಗ ಹ್ಯಾಂಗ ಗೊತ್ತಿತ್ತು?"

"ನಿಂಗ ಯಾರರೆ ಯಾವಾಗ ಅಂತ ಕೇಳಿದ್ರ ತಾರೀಖ ಹೇಳ್ದ ಬಿಡಾಂವೇನ ನೀ? ಅಷ್ಟ್ ಧೈರ್ಯದ್ಲೆ ಹೇಳತಿ, ಕೇಳಾಂವ ನಂಬ್ಲೇಬೇಕು. ಇವರಿಗೆ ಆ ರಾತ್ರಿ ನಿದ್ದಿ ಹತ್ತಿಲ್ಲ. ಮುಂಜಾನೆ ಎದ್ದು ತಾವss ಅಂದ್ರು, ತಗದ್ ಬಿಡು ಅಂತ. ಖೋಲಿ ಚಾಲೂ ಆಗಿ ಎಷ್ಟ್ ದಿನಾತು. ನೀನss ಬಂದು ನೋಡ್ಲಿ ಅಂತ ಖೋಲಿ ಮಾತ ತಗೀಲಾರ್ದ, ವೈನಿಗೆ ಹತ್ ಸಲ ಫೋನ್ ಮಾಡಿ ಬರೇ ಅಣ್ಣಗ ಕಳಸು ಅಂತ ಹೇಳೀನಿ. ಯಾವಾಗ ಮಾಡಿದ್ರೂ ಝಳಕಾ ಮಾಡಾಕತ್ತಾರ ಅಂತಿದ್ಳು."

ಒಲೆಯ ಮುಂದೆ ದಾಜಿ ಭಾಕರಿ ಬಡಿಯುತ್ತಲೇ ಇದ್ದರು. ಅವರ ಕಿವಿಯ ತುದಿ ಕೆಂಪಗಾಗಿತ್ತು. ಅದು ಬೆಂಕಿಯ ಝಳವೋ ಬೇರೆಯದೋ ಹೇಳಲಾರೆ. ನಾನು ಪೇಡೆಯ ಡಬ್ಬಿಯನ್ನು ಗಲ್ಲಾದ ಮೇಲಿಟ್ಟೆ. ಕಸ್ತೂರಿ ಅದನ್ನು ಖೋಲಿಗಳು ಚೆನ್ನಾಗಿ ಆದದ್ದಕ್ಕೆ ಅಣ್ಣ ತಂದ ಉಡುಗೊರೆ ಎಂದು ಗಿರಾಕಿಗಳಿಗೆಲ್ಲ ಹಂಚಿಬಿಟ್ಟಳು. ನನ್ನನ್ನು ಮೇಲೆ ಕರೆದುಕೊಂಡು ಹೋಗಿ ಒಂದೊಂದು ಖೋಲಿಯ ಬಾಗಿಲು ತೆಗೆದು, ಹಾಸಿಗೆ ಒತ್ತಿ, ಫ್ಯಾನು ಹಚ್ಚಿ ತೋರಿಸಿದಳು. ನನಗೆ ಹೊಟ್ಟೆ ತುಂಬಿದಂತಾಯಿತು. ಒಂದು ಕಡೆ ಸ್ವಲ್ಪ ಅವಮಾನವೂ ಆಯಿತೆನ್ನಿ. ತಿಂಗಳುಗಟ್ಟಲೆ ಬಚ್ಚಲಲ್ಲಿ ಪಟ್ಟ ಪಶ್ಚಾತ್ತಾಪ ಪೂರ್ತಿ ವ್ಯರ್ಥವಾಗಿತ್ತು.

ಇಲ್ಲಿಗೇ ಮುಗಿಸಿದ್ದರೆ ನಾನು ಬುದ್ಧಿವಂತ. ಆದರೆ ಮರಳಿ ಬರುವಾಗ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು, ಕೂತವನಿಗೆ ವಿಚಾರ ಬಂತು. ಒಡೆಯುವುದು ಒಡೆದಾಗಿದೆ. ಒಡೆದ ಗುಳ್ಳೆ ಮತ್ತೆ ಹೇಗೆ ಒಡೆದೀತು? ಈಗ ಕೊಂಡವನಿಗೆ ಭಯವೇ ಇಲ್ಲ. ಇಷ್ಟು ವರ್ಷ ಬೇರೆಯವರಿಗೆ ಹೇಳಿದ್ದಾಯಿತು, ಒಮ್ಮೆ ನನ್ನ ಮಾತನ್ನು ನಾನೇ ಕೇಳಿ ನೋಡಬಾರದೇಕೆ? ಮನೆಗೆ ಬಂದು ಹೇಳಿದಾಗ ಶಾಂತಾ, "ಪೂರಾ ಒಡದದ ಅಂತ ನಿಮಗ ಯಾರ್ ಹೇಳಿದ್ರು?" ಎಂದಳು. ಹೆಂಗಸರಿಗೆ ಅರ್ಥಶಾಸ್ತ್ರ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು ಪಕ್ಕದ ಮನೆಯ ಸೊಸೆ ಅಶ್ವಿನಿಯನ್ನು ಕರೆದೆ. ಅವಳು ನನ್ನ ಮೊಬೈಲಿನಲ್ಲಿ ಖಾತೆ ತೆರೆದುಕೊಟ್ಟು "ಕಾಕಾ, ಕುಠಲಾ ಘ್ಯಾಯಚಾ?" ಎಂದಳು. ಯಾವುದನ್ನು ಕೊಳ್ಳುವುದೆಂದು ನನಗೇನು ಗೊತ್ತು? ಎಲ್ಲ ಕಂಪನಿಗಳೂ ಸ್ವಲ್ಪ ಸ್ವಲ್ಪ ಇರುವ ಒಂದು ಫಂಡನ್ನು ಅವಳೇ ಆರಿಸಿದಳು. ಚುರುಮುರಿಯ ಮಸಾಲೆ ಭೇಳ ಇದ್ದ ಹಾಗೆ, ಒಂದು ಕೆಟ್ಟರೂ ಇನ್ನೊಂದು ರುಚಿಯಿರುತ್ತದೆ. ನಾನೇ ಗುಂಡಿ ಒತ್ತಿದೆ.

ಮರುದಿನ ಬಿತ್ತು. ಶನಿವಾರ ಐತವಾರದ ರಜೆ ಮುಗಿಸಿ ಸೋಮವಾರವೂ ಬಿತ್ತು. ಮೊದಲು ಬಿದ್ದದ್ದು ಎಡವಿದ್ದು, ಈಗಿನದೇ ನಿಜವಾದ ಬೀಳುವಿಕೆ ಎಂದು ಕೋಟಿನವರು ವಿವರಿಸಿದರು.

ನಾಲ್ಕಾರು ದಿನ ಕೆರೆಗೆ ಹೋಗಲಿಲ್ಲ. ಕಡೆಗೆ ಮೊಣಕಾಲು ಹಿಡಿದುಕೊಂಡಿತೆಂದು ಹೋದೆ. ಬಿರಾಜದಾರರು ಆ ಗುರುವಾರದಿಂದ ನನ್ನೊಡನೆ ಮಾತು ಬಿಟ್ಟಿದ್ದರು. ನಾನು ಅವರ ಪಕ್ಕದಲ್ಲಿ ನಡೆಯುತ್ತ, ಕೊಂಡದ್ದನ್ನೂ ಕೊಂಡ ದಿನವನ್ನೂ ಹೇಳಿದೆ. ಅವರು ನಿಂತರು. ಲೆಕ್ಕ ಹಾಕಿದರು. ಆಮೇಲೆ ಅವರ ನಗು ಕೆರೆಯ ಆಚೆ ದಂಡೆಗೆ ಹೋಗಿ ತಿರುಗಿ ಬಂತು.

"ಕಾಕಾ! ಇಷ್ಟ್ ದಿನ ನಾವು ಟಿವಿ ನೋಡಿ ನೋಡಿ ಹುಚ್ಚರಾದ್ವಲ್ರಿ. ಸುಮ್ಮ ನಿಮ್ಮನ್ನ ನೋಡಿದ್ರ ಸಾಕಿತ್ತು!"

ಚಹ ಅವರೇ ಕೊಡಿಸಿದರು. ಮಗ್ಗಕ್ಕೆ ಇನ್ನೊಂದು ವರ್ಷ ತಡೆದರಾಯಿತು, ಹಳೆಯದು ಇನ್ನೂ ನಡೆಯುತ್ತದೆ ಎಂದರು. ಶೇಖ್ ಸಾಹೇಬರು ನನ್ನ ಬೆನ್ನು ತಟ್ಟಿ, ಇನ್ನು ಮೇಲೆ ಕೊಳ್ಳುವುದಾದರೆ ಹಿಂದಿನ ದಿನ ತಿಳಿಸಬೇಕೆಂದು ನನ್ನಿಂದ ಭಾಷೆ ತೆಗೆದುಕೊಂಡರು.

ಸುದ್ದಿ ಅಕ್ಕಲಕೋಟೆಗೂ ಹೋಯಿತು. ಎರಡು ದಿನ ಬಿಟ್ಟು ಫೋನ್ ಬಂತು. ಎತ್ತಿದರೆ ಕಸ್ತೂರಿ ಅಲ್ಲ, ಸಿದ್ರಾಮ ದಾಜಿ!

"ಅಣ್ಣಾರ, ಆರಾಮದೀರಿ?" ಎಂದರು. "ವೈನಿ ಆರಾಮ? ಊಟಾ ಆತ್ರಿ? ಬಿಸಲ ಭಾಳ ಅದ, ಹೊರಗ ತಿರಗಬ್ಯಾಡ್ರಿ." ಸ್ವಲ್ಪ ತಡೆದು, ಕೆಮ್ಮಿ, ದನಿ ಇಳಿಸಿ ಕೇಳಿದರು. "ಅದು... ಇನ್ನ ಮಾರಿಲ್ಲಲ್ರಿ? ಮಾರೂ ಮುಂದ ನಂಗೊಂದ್ ಫೋನ್ ಮಾಡ್ರಿ. ನೀವ್ ಮಾರಿದ ದಿನಾನ ನಾ ತೊಗೋಬೇಕಂತ ಮಾಡೀನಿ. ಕಸ್ತೂರಿ ಮುಂದ ಹೇಳಬ್ಯಾಡ್ರಿ."

ಆಮೇಲೆ ದಿನವೂ ಸಂಜೆ ಅವರ ಫೋನ್ ಬರುತ್ತದೆ. ನನ್ನ ಮೊಣಕಾಲು, ಶಾಂತಾಳ ಕೆಮ್ಮು, ವಾಗದರಿಯ ಅವ್ವನ ಕಿವಿ, ಒಂದನ್ನೂ ಬಿಡದೆ ವಿಚಾರಿಸುತ್ತಾರೆ. ಜೋಳದ ದರ ಹೇಳುತ್ತಾರೆ, ಭಾಕರಿ ಉಬ್ಬಲು ನೀರು ಎಷ್ಟು ಬಿಸಿ ಇರಬೇಕೆಂದು ಹೇಳುತ್ತಾರೆ. ಮೊನ್ನೆ ತಮ್ಮ ಚಿಕ್ಕಂದಿನ ಒಂದು ಕಥೆಯನ್ನೂ ಹೇಳಿದರು, ಕಸ್ತೂರಿಗೂ ಗೊತ್ತಿರದ್ದು. ಇಷ್ಟು ಅಕ್ಕರೆಯ ಮನುಷ್ಯ ಇಷ್ಟು ವರ್ಷ ಆ ಒಲೆಯ ಮುಂದೆ ಅಡಗಿ ಕೂತಿದ್ದನೆಂದು ನನಗೆ ತಿಳಿದಿರಲೇ ಇಲ್ಲ. ನನ್ನ ಫಂಡು ದಿನದಿಂದ ದಿನಕ್ಕೆ ಕರಗುತ್ತಿದೆ, ಮಾರಿಬಿಡಿ ಎಂದು ಶಾಂತಾ ಗಂಟುಬಿದ್ದಿದ್ದಾಳೆ, ಅವಳು ಹೇಳುವುದೂ ಸರಿಯೇ. ಆದರೆ ಮಾರಿದ ಮೇಲೆ ದಾಜಿ ಯಾಕೆ ಫೋನ್ ಮಾಡುತ್ತಾರೆ? ಆದ್ದರಿಂದ ಸದ್ಯಕ್ಕೆ ಮಾರುತ್ತಿಲ್ಲ.